ಮನೆಯ ಗಣಕಯಂತ್ರದ ರೋಗನಿದಾನ

ವೈದ್ಯನನ್ನು ಕರೆಯುವುದಕ್ಕೆ ಮೊದಲು ರೋಗಿಯ ನಾಲಗೆಯನ್ನು ನೋಡಿ, ನಿನ್ನೆಯ ದಿನ ಏನು ಉಂಡನೆಂದು ವಿಚಾರಿಸಿ, ಹಣೆಯನ್ನು ಮುಟ್ಟಿ ಜ್ವರವನ್ನು ತಿಳಿಯುವ ಹಿರಿಯರು ಹಿಂದೆ ಮನೆಮನೆಯಲ್ಲಿಯೂ ಇದ್ದರು. ಅವರು ವೈದ್ಯರಲ್ಲ, ಆದರೆ ಬರಿಯ ಅಜೀರ್ಣಕ್ಕೆ ಆಸ್ಪತ್ರೆಗೆ ಓಡುವ ಪ್ರಸಂಗವನ್ನು ತಪ್ಪಿಸುತ್ತಿದ್ದರು, ನಿಜವಾದ ಅಪಾಯ ಬಂದಾಗ ತಡಮಾಡಲೂ ಬಿಡುತ್ತಿರಲಿಲ್ಲ. ಈಗ ಮನೆಯ ಮೂಲೆಯಲ್ಲಿ ಮೇಜನ್ನು ಹಿಡಿದು ಕುಳಿತಿರುವ ಗಣಕಯಂತ್ರಕ್ಕೂ ಅಂತಹ ಹಿರಿಯನೊಬ್ಬನು ಬೇಕಾಗಿದ್ದಾನೆ. ಯಂತ್ರಶಾಸ್ತ್ರವನ್ನು ಓದದವನೂ ಈ ಕೆಲಸವನ್ನು ಮಾಡಬಲ್ಲನೆಂಬುದನ್ನು ಒಂದು ನಡೆದ ಸಂಗತಿಯಿಂದ ವಾಚಕರಿಗೆ ತಿಳಿಸಬೇಕೆಂದು ನಮ್ಮ ಅಪೇಕ್ಷೆ.

ಸಿಂಧನೂರು ತಾಲೂಕಿನ ನಮ್ಮ ಆರ್.ಎಚ್. ಕ್ಯಾಂಪುಗಳು ಪುನರ್ವಸತಿಯ ಊರುಗಳು. ಅರ್ಧ ಶತಮಾನದ ಹಿಂದೆ ಪೂರ್ವಬಂಗಾಳದಲ್ಲಿ ಮನೆಮಠಗಳನ್ನು ಬಿಟ್ಟು ಬಂದ ಕುಟುಂಬಗಳು ತುಂಗಭದ್ರೆಯ ಎಡದಂಡೆ ಕಾಲುವೆಯ ಈ ಎರೆಭೂಮಿಯಲ್ಲಿ ನೆಲಸಿದವು. ಅವರ ಮೊಮ್ಮಕ್ಕಳು ಮನೆಯಲ್ಲಿ ಬಂಗಾಳಿಯನ್ನೂ ಬೀದಿಯಲ್ಲಿ ಕನ್ನಡವನ್ನೂ ಆಡುತ್ತಾರೆ. ಇಂತಹ ಊರಿನಲ್ಲಿ ಕಾಗದಪತ್ರವೆಂಬುದು ಅಕ್ಕಿಬೇಳೆಯಷ್ಟೇ ಮುಖ್ಯವಾದ ವಸ್ತು. ಯಾರು ಯಾವಾಗ ಬಂದರು, ಯಾವ ಗಡಿಯನ್ನು ದಾಟಿದರು, ಯಾವ ಭೂಮಿ ಯಾರಿಗೆ ದೊರೆಯಿತು ಎಂಬುದಕ್ಕೆ ಹಳೆಯ ಚೀಟಿಗಳೇ ಸಾಕ್ಷಿ. ೨೦೧೯ರ ಪೌರತ್ವ ತಿದ್ದುಪಡಿ ಕಾಯಿದೆಯ ನಿಯಮಗಳು ೨೦೨೪ರ ಮಾರ್ಚ್ ತಿಂಗಳಲ್ಲಿ ಪ್ರಕಟವಾದ ಮೇಲೆ, ಅರ್ಜಿಯನ್ನು ಅಂತರ್ಜಾಲದ ಮೂಲಕವೇ ಸಲ್ಲಿಸತಕ್ಕದ್ದೆಂದು ಗೊತ್ತಾಯಿತು. ಹೀಗಾಗಿ ಅಜ್ಜನ ಕಾಲದ ಚೀಟಿಗಳು ಪೆಟ್ಟಿಗೆಯಿಂದ ಹೊರಬಂದು ಗಣಕಯಂತ್ರವನ್ನು ಸೇರಿದವು.

ಒಂದು ಸುಗ್ಗಿಯ ಸಂಜೆ ನೆರೆಮನೆಯ ತರುಣನೊಬ್ಬನು ಏದುಸಿರು ಬಿಡುತ್ತ ನಮ್ಮಲ್ಲಿಗೆ ಬಂದನು. ಆತನು ನಮ್ಮ ಹಳೆಯ ವಿದ್ಯಾರ್ಥಿ.

“ಮಾಸ್ತರ್ರೀ, ಕಂಪ್ಯೂಟರ್ ಸತ್ತು ಹೋಗ್ಯಾದ್ರೀ. ಫೋನ್ ಹಚ್ಚಿ ಕೇಳಿದರ ಅಂಗಡಿಯವರು ಫಾರ್ಮ್ಯಾಟ್ ಮಾಡಬೇಕು ಅಂತಾರ್ರೀ.”

“ಫಾರ್ಮ್ಯಾಟ್ ಮಾಡಿದರ ಅದರಾಗಿನ ಕಾಗದಪತ್ರ ಏನಾಗ್ತಾವು, ತಮ್ಮಾ?” ಎಂದು ಕೇಳಿದೆವು.

ಆತನು ಮಾತಾಡಲಿಲ್ಲ. ಅಜ್ಜನ ಮೂಲಪತ್ರಗಳು ಮಡಿಕೆಗಳಲ್ಲಿ ಹರಿದು, ಉಳಿದ ಭಾಗ ಗೆದ್ದಲಿಗೆ ಆಹಾರವಾಗಿದ್ದುವು. ಅವು ಕೆಡುವುದಕ್ಕೆ ಮೊದಲು ತೆಗೆದಿಟ್ಟ ಪ್ರತಿಬಿಂಬಗಳು ಆ ಯಂತ್ರದಲ್ಲಿ ಮಾತ್ರ ಇದ್ದುವು. ಫಾರ್ಮ್ಯಾಟ್ ಮಾಡುವುದೆಂದರೆ ಬರೆದ ಹಲಗೆಯನ್ನು ಒರಸಿ ಹೊಸದಾಗಿ ಬರೆಯಲು ಅಣಿಮಾಡುವುದು. ಹಲಗೆಯ ಮೇಲಿದ್ದುದಕ್ಕೆ ಬೇರೆ ಪ್ರತಿ ಇಲ್ಲದಿದ್ದರೆ, ಆ ಒರಸುವಿಕೆಯು ಅಜ್ಜನನ್ನು ಎರಡನೆಯ ಸಲ ನಿರ್ವಸಿತನನ್ನಾಗಿ ಮಾಡಿದಂತೆಯೇ ಸರಿ.

ನಾವು ಆತನ ಸಂಗಡ ಹೊರಟೆವು. ನಮಗೆ ಯಂತ್ರವಿದ್ಯೆ ತಿಳಿಯದು. ತರ್ಕಶಾಸ್ತ್ರವನ್ನು ಅಷ್ಟಿಷ್ಟು ಓದಿದ್ದೇವೆ. ಅದರಲ್ಲಿ ಅನ್ವಯ, ವ್ಯತಿರೇಕ ಎಂಬ ಎರಡು ಮಾತುಗಳಿವೆ. ಹೊಗೆಯಿರುವ ಕಡೆಯಲ್ಲಿ ಬೆಂಕಿಯುಂಟು ಎಂಬುದು ಅನ್ವಯ. ಬೆಂಕಿಯಿಲ್ಲದ ಕಡೆಯಲ್ಲಿ ಹೊಗೆಯೂ ಇಲ್ಲ ಎಂಬುದು ವ್ಯತಿರೇಕ. ಕೆಟ್ಟ ಯಂತ್ರದ ಮುಂದೆ ಕುಳಿತವನಿಗೆ ಇವೆರಡೇ ಸಾಕು. ಒಂದು ಭಾಗದ ಮೇಲೆ ಅನುಮಾನ ಬಂದರೆ ಅದನ್ನು ತೆಗೆದು ಒಳ್ಳೆಯದೆಂದು ಗೊತ್ತಿರುವ ಇನ್ನೊಂದನ್ನು ಇಡತಕ್ಕದ್ದು. ರೋಗ ಹೋದರೆ ದೋಷ ಅದರಲ್ಲಿತ್ತು. ಹೋಗದಿದ್ದರೆ ಅದು ನಿರ್ದೋಷಿ. ಆದರೆ ಒಮ್ಮೆಗೆ ಒಂದನ್ನೇ ಬದಲಿಸಬೇಕು. ಮೂರು ಔಷಧಗಳನ್ನು ಏಕಕಾಲಕ್ಕೆ ಕುಡಿಸಿದ ವೈದ್ಯನಿಗೆ ರೋಗಿ ಬದುಕಿದರೂ ಯಾವುದರಿಂದ ಬದುಕಿದನೆಂದು ತಿಳಿಯುವುದಿಲ್ಲ.

ಯಂತ್ರವು ಸ್ವಲ್ಪವೂ ಅಲುಗದೆ, ದೀಪವೂ ಹತ್ತದೆ ಇದ್ದರೆ ಗೋಡೆಯಿಂದ ಪ್ರಾರಂಭಿಸಬೇಕು. ಸಾಕೆಟ್ಟಿಗೆ ಬೇರೊಂದು ದೀಪವನ್ನು ಹಚ್ಚಿ, ಅಲ್ಲಿ ವಿದ್ಯುತ್ತಿದೆಯೇ ಎಂದು ನೋಡತಕ್ಕದ್ದು. ಇದ್ದರೆ, ಯು.ಪಿ.ಎಸ್. ಪೆಟ್ಟಿಗೆಯನ್ನು ಬಿಟ್ಟು ಯಂತ್ರವನ್ನು ನೇರವಾಗಿ ಗೋಡೆಗೆ ಜೋಡಿಸಿ ನೋಡಬೇಕು. ಆಗ ಎದ್ದರೆ ದೋಷ ಯು.ಪಿ.ಎಸ್.ನದು. ಅದರ ಬ್ಯಾಟರಿಯ ಆಯುಸ್ಸು ಸಾಮಾನ್ಯವಾಗಿ ಮೂರರಿಂದ ಐದು ವರ್ಷ; ನಮ್ಮಂತಹ ಬಿಸಿಲುನಾಡಿನಲ್ಲಿ ಅದೂ ಕಡಿಮೆ. ಯಂತ್ರದ ಬೆನ್ನಿನಲ್ಲಿ ಪವರ್ ಸಪ್ಲೈಗೆ ಒಂದು ಚಿಕ್ಕ ಸ್ವಿಚ್ಚಿರುತ್ತದೆ. ಕಸ ಗುಡಿಸುವಾಗ ಅದು ಆರಿಹೋಗಿ, ಮನೆಯವರನ್ನೆಲ್ಲ ಗಾಬರಿಗೊಳಿಸುವುದುಂಟು. ಇಷ್ಟರಿಂದಲೂ ಏಳದಿದ್ದರೆ ಪವರ್ ಸಪ್ಲೈಯೇ ಕೆಟ್ಟಿರಬಹುದು. ಅದನ್ನು ಮನೆಯಲ್ಲಿ ಬಿಚ್ಚಕೂಡದು. ಪ್ಲಗ್ಗನ್ನು ಕಿತ್ತ ಮೇಲೆಯೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ಸಂಗ್ರಹವಾಗಿ ಉಳಿದಿರುತ್ತದೆ. ಅಲ್ಲಿಗೆ ಗೃಹಸ್ಥನ ಅಧಿಕಾರ ಮುಗಿಯಿತು.

ನೆರೆಮನೆಯ ಯಂತ್ರದಲ್ಲಿ ದೀಪ ಹತ್ತುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಪರದೆಯ ಮೇಲೆ ಮಾತ್ರ ಅಮಾವಾಸ್ಯೆಯ ಕತ್ತಲೆ. ನಾವು ಮೊದಲು ಮಾನಿಟರನ್ನು ಅನುಮಾನಿಸಿದೆವು. ಕೇಬಲ್ಲನ್ನು ಎರಡೂ ತುದಿಗಳಲ್ಲಿ ಬಿಚ್ಚಿ ಭದ್ರಪಡಿಸಿದೆವು. ಕತ್ತಲೆ ಹೋಗಲಿಲ್ಲ. ನಮ್ಮ ಮನೆಯ ಮಾನಿಟರನ್ನೇ ಹೊತ್ತು ತಂದು ಜೋಡಿಸಿದೆವು. ಆಗಲೂ ಕತ್ತಲೆಯೇ. ನಮ್ಮ ಊಹೆ ಸುಳ್ಳಾಯಿತು. ಆದರೆ ಶ್ರಮ ವ್ಯರ್ಥವಾಗಲಿಲ್ಲ, ಮಾನಿಟರು ನಿರ್ದೋಷಿಯೆಂದು ತೀರ್ಮಾನವಾಯಿತು.

ಬಳಿಕ ಪ್ಲಗ್ಗನ್ನು ಕಿತ್ತು ಪೆಟ್ಟಿಗೆಯ ಪಕ್ಕದ ಮುಚ್ಚಳವನ್ನು ತೆಗೆದೆವು. ಒಳಗೆ ಎರೆಮಣ್ಣಿನ ಧೂಳು, ಭತ್ತದ ತೌಡಿನಂತಹ ಪುಡಿ, ಸತ್ತ ಹಸಿರು ಹುಳಗಳ ರಾಶಿ. ಭತ್ತದ ಸೀಮೆಯವರಿಗೆ ಈ ಹುಳಗಳ ಪರಿಚಯವನ್ನು ಹೇಳಬೇಕಾಗಿಲ್ಲ. ಸಂಜೆಯಾದೊಡನೆ ಬೆಳಕಿದ್ದಲ್ಲಿಗೆಲ್ಲ ಮುತ್ತುತ್ತವೆ. ಗಣಕಯಂತ್ರಕ್ಕೂ ಹುಳಕ್ಕೂ ವೈರವು ಹಳೆಯದು. ೧೯೪೭ರ ಸೆಪ್ಟೆಂಬರ್ ೯ರಂದು ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದ ‘ಮಾರ್ಕ್ ೨’ ಎಂಬ ಯಂತ್ರವು ಕೆಟ್ಟಾಗ, ಅದರ ರಿಲೇ ಒಂದರಲ್ಲಿ ಪತಂಗವೊಂದು ಸಿಕ್ಕಿಕೊಂಡಿತ್ತು. ಕೆಲಸಗಾರರು ಅದನ್ನು ತೆಗೆದು ದಿನಚರಿಯ ಪುಸ್ತಕದಲ್ಲಿ ಅಂಟಿಸಿ, ಪಕ್ಕದಲ್ಲಿ ವಿವರ ಬರೆದಿಟ್ಟರು. ಯಂತ್ರದ ದೋಷಕ್ಕೆ ಇಂಗ್ಲಿಷಿನಲ್ಲಿ ‘ಬಗ್’, ಅಂದರೆ ಹುಳ, ಎನ್ನುವ ವಾಡಿಕೆ ಅದಕ್ಕೂ ಮೊದಲೇ ಇದ್ದಿತು. ಅಂದು ಹುಳವೇ ಪ್ರತ್ಯಕ್ಷವಾಯಿತು. ಕಂಡುದನ್ನು ಬರೆದಿಡುವ ಅವರ ಅಭ್ಯಾಸವು ಅನುಕರಣೀಯ. ಪರದೆಯ ಮೇಲೆ ದೋಷದ ಸಂಖ್ಯೆಯೋ ವಾಕ್ಯವೋ ಕಂಡರೆ, ಅಥವಾ ಯಂತ್ರವು ಏಳುವಾಗ ‘ಬೀಪ್’ ಎಂದು ಕೂಗಿದರೆ, ಎಷ್ಟು ಸಲ ಕೂಗಿತೆಂಬುದನ್ನು ಕೂಡಿಸಿ ಬರೆದಿಡಬೇಕು. ರೋಗಿಯು ಬಾಯಿಬಿಟ್ಟು ಹೇಳಿದುದನ್ನು ಕೇಳದ ವೈದ್ಯನುಂಟೆ?

ಮೃದುವಾದ ಬ್ರಷ್ಷಿನಿಂದ ಧೂಳನ್ನು ತೆಗೆದೆವು. ಫ್ಯಾನನ್ನು ಒರಸುವಾಗ ಅದರ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಗಾಳಿಯ ರಭಸದಿಂದ ತಿರುಗಲು ಬಿಡಕೂಡದು. ಒದ್ದೆಬಟ್ಟೆ ಸಲ್ಲದು. ಆಮೇಲೆ ಮೆಮೊರಿ ಪಟ್ಟಿಗಳ ಮೇಲೆ ನಮ್ಮ ದೃಷ್ಟಿ ಬಿದ್ದಿತು. ಕೆಲಸ ನಡೆಯುತ್ತಿರುವಷ್ಟು ಹೊತ್ತು ಯಂತ್ರವು ವಿಷಯಗಳನ್ನು ಧರಿಸುವುದು ಇವುಗಳಲ್ಲಿಯೇ. ಇವು ಸರಿಯಾಗಿ ಕುಳಿತಿರದಿದ್ದರೆ ಪರದೆಯ ಮೇಲೆ ಒಂದು ಅಕ್ಷರವೂ ಮೂಡದು. ಮೈಯಲ್ಲಿನ ಸ್ಥಿರವಿದ್ಯುತ್ತು ಹೋಗಲೆಂದು ಪೆಟ್ಟಿಗೆಯ ಲೋಹವನ್ನು ಮುಟ್ಟಿ, ಎರಡು ಪಟ್ಟಿಗಳನ್ನೂ ಬಿಡಿಸಿ, ಒಂದನ್ನು ಮಾತ್ರ ಒತ್ತಿ ಕೂರಿಸಿದೆವು. ಯಂತ್ರ ಎದ್ದಿತು, ಪರದೆ ಬೆಳಗಿತು! ಎರಡನೆಯದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರವಾಗಿ ಉಜ್ಜಿ, ಯಂತ್ರವನ್ನು ಮತ್ತೆ ಆರಿಸಿ, ಅದನ್ನೂ ಕೂರಿಸಿದೆವು. ಬೆಳಕು ಹಾಗೆಯೇ ನಿಂತಿತು. ಖರ್ಚು ಒಂದು ಕಾಸೂ ಆಗಲಿಲ್ಲ. ಫಾರ್ಮ್ಯಾಟಿನ ಮಾತಿಗೆ ಆಧಾರವೂ ಇರಲಿಲ್ಲ.

ತರುಣನು ಕೂಡಲೆ ಅರ್ಜಿಯ ಪುಟವನ್ನು ತೆರೆಯಹೋದನು. ನಾವು ಕೈ ಹಿಡಿದು, ಮೊದಲು ಅಜ್ಜನ ಕಾಗದಗಳನ್ನು ಪೆನ್‌ಡ್ರೈವಿಗೆ ಇಳಿಸಲು ಹೇಳಿದೆವು. ಎಚ್ಚತ್ತ ರೋಗಿಯು ಮತ್ತೆ ಯಾವಾಗ ಮೂರ್ಛೆ ಹೋಗುವನೋ ಬಲ್ಲವರಾರು? ಪ್ರತಿ ತೆಗೆದ ಮೇಲೆ ಪುಟವನ್ನು ತೆರೆದರೆ ಅದು ತೆರೆಯಲೊಲ್ಲದು. ಸಂಬಂಧವು ಸುರಕ್ಷಿತವಲ್ಲವೆಂಬ ಎಚ್ಚರಿಕೆ ಮಾತ್ರ ಬಂದಿತು. ಪರದೆಯ ಮೂಲೆಯನ್ನು ನೋಡಿದೆವು. ಯಂತ್ರವು ಹಲವು ವರ್ಷಗಳ ಹಿಂದಿನ ತಾರೀಖನ್ನು ತೋರಿಸುತ್ತಿತ್ತು. ಒಳಗೆ ನಾಣ್ಯದಂತಹ ಒಂದು ಚಿಕ್ಕ ಬ್ಯಾಟರಿ ಇರುತ್ತದೆ, ಸಾಮಾನ್ಯವಾಗಿ ‘ಸಿ.ಆರ್. ೨೦೩೨’ ಎಂಬ ಹೆಸರಿನದು, ೩ ವೋಲ್ಟಿನದು. ಪ್ಲಗ್ಗು ಕಿತ್ತಿರುವಾಗಲೂ ಗಡಿಯಾರವನ್ನು ನಡೆಸುವುದು ಅದೇ. ಅದು ಬರಿದಾಗಿದ್ದುದರಿಂದ ನಾವು ಪ್ಲಗ್ಗನ್ನು ಕಿತ್ತೊಡನೆ ಯಂತ್ರವು ದಿನವನ್ನು ಮರೆತಿತ್ತು. ಸುರಕ್ಷಿತ ಪುಟಗಳಿಗೆ ಇಂತಹ ದಿನದಿಂದ ಇಂತಹ ದಿನದವರೆಗೆಂದು ಸಲ್ಲುವ ಪ್ರಮಾಣಪತ್ರವಿರುತ್ತದೆ. ಪಂಚಾಂಗ ತಪ್ಪಿದ ಯಂತ್ರಕ್ಕೆ ಆ ಪತ್ರವು ಸುಳ್ಳಾಗಿ ಕಾಣುವುದು ಸಹಜ. ತಾರೀಖನ್ನು ತಿದ್ದಿದೊಡನೆ ಪುಟ ತೆರೆಯಿತು. ಮರುದಿನ ಹೊಸ ಬ್ಯಾಟರಿಯನ್ನು ತಂದು ಹಾಕಿದರು.

ಇನ್ನು ಕೆಲವು ಸಾಮಾನ್ಯ ರೋಗಗಳನ್ನು ಸಂಕ್ಷೇಪವಾಗಿ ಹೇಳುವೆವು. ಸ್ವಲ್ಪ ಹೊತ್ತು ನಡೆದು ತಾನಾಗಿಯೇ ಆರಿಹೋಗುವ ಯಂತ್ರಕ್ಕೆ ಹೆಚ್ಚಾಗಿ ಉಷ್ಣವೇ ಕಾರಣ. ಮಿತಿಮೀರಿ ಕಾದಾಗ ಅದು ತನ್ನನ್ನು ತಾನೇ ಕಾಪಾಡಿಕೊಳ್ಳಲು ನಿಲ್ಲುತ್ತದೆ. ಬೇಸಗೆಯಲ್ಲಿ ನಲವತ್ತು ಡಿಗ್ರಿಯನ್ನು ಮೀರುವ ನಮ್ಮ ರಾಯಚೂರು ಸೀಮೆಯಲ್ಲಿ ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡಕೂಡದು, ಬಟ್ಟೆ ಹೊದಿಸಿ ನಡೆಸಕೂಡದು. ಪ್ರತಿ ಸುಗ್ಗಿಯ ತರುವಾಯ ಧೂಳು ತೆಗೆಯತಕ್ಕದ್ದು. ಯಂತ್ರವು ಮಂದಗತಿಯದಾದರೆ, ಅದು ಏಳುವಾಗಲೇ ಕರೆಯದೆ ಬಂದು ಕೂರುವ ಕಾರ್ಯಕ್ರಮಗಳನ್ನು ನಿಲ್ಲಿಸಬೇಕು. ಡಿಸ್ಕು ತುಂಬಿದ್ದರೆ ಬೇಡವಾದುದನ್ನು ತೆಗೆಯಬೇಕು. ಹಳೆಯ ತಿರುಗುವ ಹಾರ್ಡ್ ಡಿಸ್ಕಿನ ಸ್ಥಾನದಲ್ಲಿ ಎಸ್.ಎಸ್.ಡಿ. ಹಾಕಿಸಿದರೆ ಮುದುಕನಿಗೆ ಯೌವನ ಬಂದಂತಾಗುತ್ತದೆ. ‘ವಿಂಡೋಸ್ ೧೦’ಕ್ಕೆ ಅದರ ತಯಾರಕರು ಕೊಡುತ್ತಿದ್ದ ಸಾಮಾನ್ಯ ರಕ್ಷಣೆಯು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಿರುವುದನ್ನೂ ಗೃಹಸ್ಥರು ನೆನಪಿನಲ್ಲಿಡಬೇಕು.

ಹಳೆಯ ಕನ್ನಡ ಕಡತವನ್ನು ತೆರೆದಾಗ ಇಂಗ್ಲಿಷ್ ಅಕ್ಷರಗಳ ಗೊಂದಲ ಕಂಡರೆ ಕಡತ ಕೆಟ್ಟಿತೆಂದು ಅಳಿಸಕೂಡದು. ಯೂನಿಕೋಡಿಗೆ ಮೊದಲಿನ ಕ್ರಮದಲ್ಲಿ, ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಯಲ್ಲಿ, ಅದನ್ನು ಬರೆದಿರಬಹುದು. ಆ ಶೈಲಿಯನ್ನು ಯಂತ್ರದಲ್ಲಿ ಸ್ಥಾಪಿಸಿದೊಡನೆ ಕನ್ನಡವು ಮರಳಿ ಬರುತ್ತದೆ. ‘ನಿಮ್ಮ ಯಂತ್ರಕ್ಕೆ ವೈರಸ್ ತಗಲಿದೆ, ಈ ಸಂಖ್ಯೆಗೆ ಫೋನ್ ಮಾಡಿರಿ’ ಎಂದು ಪರದೆಯ ಮೇಲೆ ಕೂಗು ಬಂದರೆ, ಅದು ರೋಗವಲ್ಲ, ಕಳ್ಳನ ಕರೆ. ಆ ಸಂಖ್ಯೆಗೆ ಮಾತಾಡಲೇಕೂಡದು. ಮೋಸಹೋಗಿ ಹಣ ಕಳೆದುಕೊಂಡವರು ತಡಮಾಡದೆ ೧೯೩೦ಕ್ಕೆ ದೂರು ಹೇಳತಕ್ಕದ್ದು. ಕಟ್ಟಕಡೆಗೆ, ಹಾರ್ಡ್ ಡಿಸ್ಕಿನಿಂದ ‘ಕಟ್ ಕಟ್’ ಎಂಬ ಶಬ್ದ ಕೇಳಿಸಿದರೆ ಅದನ್ನು ಮರಣಚಿಹ್ನೆಯೆಂದು ತಿಳಿಯಬೇಕು. ಮುಖ್ಯ ಕಡತಗಳಿಗೆ ಪ್ರತಿ ಇಲ್ಲದಿದ್ದರೆ ಆ ಕ್ಷಣವೇ ಯಂತ್ರವನ್ನು ಆರಿಸಿ ಬಲ್ಲವರಲ್ಲಿಗೆ ಒಯ್ಯಬೇಕು. ಮತ್ತೆ ಮತ್ತೆ ಎಬ್ಬಿಸಿದಷ್ಟೂ ಅಳಿದುಳಿದುದೂ ನಾಶವಾಗುತ್ತದೆ.

ಇವೆಲ್ಲವೂ ಯಂತ್ರದ ಮಾತು. ಆದರೆ ಯಂತ್ರವನ್ನು ಹಣ ಕೊಟ್ಟರೆ ಮತ್ತೆ ಕೊಳ್ಳಬಹುದು. ಅದರೊಳಗಿನ ಅಜ್ಜನ ಚೀಟಿಯನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು. ಆದುದರಿಂದ ಎಲ್ಲ ಚಿಕಿತ್ಸೆಗಿಂತ ಮೊದಲಿನ ಚಿಕಿತ್ಸೆ ಪ್ರತಿ ಮಾಡಿಡುವುದು. ನಮ್ಮ ನೆರೆಯ ಮಸ್ಕಿಯ ಬಂಡೆಯೇ ಇದಕ್ಕೆ ದೃಷ್ಟಾಂತ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಮೌರ್ಯ ಚಕ್ರವರ್ತಿಯು ತನ್ನ ಚಿಕ್ಕ ಬಂಡೆಶಾಸನವನ್ನು ಒಂದೇ ಕಡೆಯಲ್ಲಿ ಕೆತ್ತಿಸಿ ಸುಮ್ಮನಾಗಲಿಲ್ಲ. ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ ಮೊದಲಾದ ಅನೇಕ ಸ್ಥಳಗಳಲ್ಲಿ ಅದು ದೊರೆತಿದೆ. ಹೆಚ್ಚಿನ ಪ್ರತಿಗಳಲ್ಲಿರುವುದು ದೇವಾನಾಂಪ್ರಿಯನೆಂಬ ಬಿರುದು ಮಾತ್ರ. ೧೯೧೫ರಲ್ಲಿ ಮಸ್ಕಿಯ ಪ್ರತಿ ದೊರೆತಾಗ ಆ ಬಿರುದಿನ ಜೊತೆಗೆ ಅಶೋಕನ ಹೆಸರೂ ಕಂಡಿತು. ಹೆಚ್ಚಿನ ಬಂಡೆಗಳು ಹೇಳದೆ ಬಿಟ್ಟ ಹೆಸರನ್ನು ಈ ಪ್ರತಿ ಕಾಪಾಡಿಕೊಂಡು ಬಂದಿತ್ತು.

ಕಲ್ಲಿನ ಮೇಲೆ ಬರೆಯಿಸಿದವನೇ ಅಷ್ಟು ಪ್ರತಿಗಳನ್ನು ಮಾಡಿಸಿದ ಮೇಲೆ, ಧೂಳಿಗೂ ಹುಳಕ್ಕೂ ಸೋಲುವ ಪೆಟ್ಟಿಗೆಯನ್ನು ನಂಬಿದ ನಾವು ಮೂರನ್ನಾದರೂ ಮಾಡಿಡಬಾರದೆ? ಒಂದು ಯಂತ್ರದಲ್ಲಿ, ಒಂದು ಪೆನ್‌ಡ್ರೈವಿನಲ್ಲಿ ಅಥವಾ ಹೊರಗಿನ ಡಿಸ್ಕಿನಲ್ಲಿ, ಒಂದು ಬೇರೆ ಮನೆಯಲ್ಲಿ. ನೆರೆಮನೆಯವರ ಮೂರನೆಯ ಪ್ರತಿ ಈಗ ಸಿಂಧನೂರಿನಲ್ಲಿರುವ ಅವರ ಸೋದರತ್ತೆಯ ಕಪಾಟಿನಲ್ಲಿದೆ. ವಾಚಕರು ಯಂತ್ರವು ಸ್ವಸ್ಥವಾಗಿರುವ ಈ ದಿನವೇ ಅಂತಹ ಕಪಾಟೊಂದನ್ನು ಗೊತ್ತುಮಾಡಿಕೊಂಡರೆ ನಮ್ಮ ಬರವಣಿಗೆ ಸಾರ್ಥಕವಾಯಿತೆಂದು ತಿಳಿಯುವೆವು.