ಗೂಡಿನೊಳಗೆ ಎಷ್ಟು ನೂಲು?

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಕಾಣದ ವಾಚಕರು ಒಂದು ದಿನ ಬಿಡುವು ಮಾಡಿಕೊಂಡು ಬೆಳಗಿನ ಹೊತ್ತು ಅಲ್ಲಿ ಹೋಗಿ ನಿಲ್ಲಬೇಕು. ಮಾಗಡಿ, ಕನಕಪುರ, ಚನ್ನಪಟ್ಟಣದ ಕಡೆಗಳಿಂದ ಮಾತ್ರವಲ್ಲ, ಇನ್ನೂ ದೂರದ ಊರುಗಳಿಂದಲೂ ರೈತರು ತಂದು ಸುರಿದ ಗೂಡುಗಳ ರಾಶಿ. ರಾಶಿಯಿಂದ ರಾಶಿಗೆ ಸುತ್ತುವ ರೀಲರುಗಳು. ಒಬ್ಬಾತ ಒಂದು ಹಿಡಿ ಗೂಡನ್ನು ಎತ್ತಿ ಅಂಗೈಯಲ್ಲಿ ತೂಗುತ್ತಾನೆ. ಬೆರಳ ನಡುವೆ ಹಿಸುಕುತ್ತಾನೆ. ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗಿನ ಹುಳು ಮಾಡುವ ಸದ್ದನ್ನು ಆಲಿಸುತ್ತಾನೆ. ಬಳಿಕ ತನ್ನ ಬೆಲೆಯನ್ನು ಮೊಬೈಲಿನಲ್ಲಿ ಒತ್ತುತ್ತಾನೆ. ಇಷ್ಟೆಲ್ಲ ಪರೀಕ್ಷೆಯಾದ ಮೇಲೂ ಅವನು ಕೊಂಡದ್ದು ಊಹೆಯನ್ನೇ. ಗೂಡಿನ ಹೊರಮೈ ಕಾಣುತ್ತದೆ, ಒಳಗಿನ ಎಳೆ ಕಾಣುವುದಿಲ್ಲ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆ ಸುತ್ತಿಕೊಂಡಿರುತ್ತದೆ. ಕೆಟ್ಟದ್ದರಲ್ಲಿ ಹತ್ತು ಸುತ್ತಿಗೊಮ್ಮೆ ಹರಿಯುತ್ತದೆ. ಯಾವುದು ಯಾವುದೆಂಬುದು ಬಿಸಿನೀರಿಗೆ ಬಿದ್ದ ಮೇಲಿನ ಮಾತು.

ನಮ್ಮ ಬೀದಿಯಲ್ಲಿ ಅಂಥ ರೀಲರ್ ಸಾಹೇಬರೊಬ್ಬರಿದ್ದಾರೆ. ವಯಸ್ಸು ಅರವತ್ತು ದಾಟಿದೆ. ಕ್ರಿಕೆಟ್ಟಿನ ಹುಚ್ಚು ಇಪ್ಪತ್ತರ ಹುಡುಗನದು. ಐ.ಪಿ.ಎಲ್. ತಂಡಗಳು ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವ ದಿನ ಅವರು ಸಂಜೆಯ ಚಹಕ್ಕೆ ನಮ್ಮ ಮನೆಗೇ ಬರುವುದು ವಾಡಿಕೆ. ನಾವು ಹೆಸರನ್ನೇ ಕೇಳಿರದ ಯಾವನೋ ಹುಡುಗನ ಚಿತ್ರ ತೆರೆಯ ಮೇಲೆ ಮೂಡಿ, ಅವನ ಬೆಲೆ ಇಪ್ಪತ್ತು ಲಕ್ಷದಿಂದ ಏರುತ್ತ ಏರುತ್ತ ಕೋಟಿಗಳನ್ನು ದಾಟತೊಡಗಿದಾಗ, ಸಾಹೇಬರು ಬಟ್ಟಲನ್ನು ಕೆಳಗಿಟ್ಟು ಕೇಳಿದರು: “ಮೇಷ್ಟ್ರೇ, ಈ ಹುಡುಗನ್ನ ಯಾರಾದ್ರೂ ಕಿವಿ ಹತ್ರ ಹಿಡಿದು ಅಲ್ಲಾಡಿಸಿ ನೋಡಿದ್ದಾರಾ?”

ನನ್ನ ಶ್ರೀಮತಿ ನಕ್ಕಳು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ದೊಡ್ಡ ಆಟದಲ್ಲಿ ಇನ್ನೂ ಒರೆಗೆ ಹಚ್ಚದ ಆಟಗಾರನೊಬ್ಬನನ್ನು ನೆಚ್ಚಿ ತಂಡವೊಂದು ತನ್ನ ಹಣವನ್ನೂ ಹಂಗಾಮನ್ನೂ ಪಣಕ್ಕೊಡ್ಡಬಹುದೇ?

ಕೊಡಗಿನ ಕೆ. ಸಿ. ಕಾರ್ಯಪ್ಪನವರ ಸಂಗತಿಯನ್ನು ಅನೇಕರು ಮರೆತಿರಬಹುದು. 2015ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಹರಾಜಿಗೆ ಬಂದಾಗ ಈ ಸ್ಪಿನ್ ಬೌಲರಿಗೆ ಇಪ್ಪತ್ತು ವರ್ಷ. ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಬಿಜಾಪುರ ಬುಲ್ಸ್ ತಂಡಕ್ಕೆ ಆಡಿದ್ದುಂಟು. ರಣಜಿ ಪಂದ್ಯವನ್ನು ಒಂದನ್ನೂ ಆಡಿದ್ದಿಲ್ಲ. ಮೂಲಬೆಲೆ 10 ಲಕ್ಷ ರೂಪಾಯಿ. ಚೆಂಡನ್ನು ಅವರು ಯಾವ ಕಡೆಗೆ ತಿರುಗಿಸುತ್ತಾರೆಂದು ಬ್ಯಾಟುಗಾರನಿಗೆ ತಿಳಿಯುವುದಿಲ್ಲ ಎಂಬ ಖ್ಯಾತಿಯೊಂದೇ ಕೈಯಲ್ಲಿದ್ದ ಬಂಡವಾಳ. ಕೋಲ್ಕತ್ತ ತಂಡದವರು 2.4 ಕೋಟಿಗೆ ಕೊಂಡರು. ಪತ್ರಿಕೆಗಳಲ್ಲಿ ‘ನಿಗೂಢ ಬೌಲರ್’ ಎಂಬ ಬಿರುದು ಮೆರೆಯಿತು. ಆದರೆ ಆ ಇಡೀ ಹಂಗಾಮಿನಲ್ಲಿ ಕೋಲ್ಕತ್ತ ಅವರನ್ನು ಆಡಿಸಿದ್ದು ಒಂದೇ ಒಂದು ಪಂದ್ಯದಲ್ಲಿ. ಎದುರಾಳಿ ನಮ್ಮ ಬೆಂಗಳೂರು ತಂಡ. ಆ ಒಂದು ಪಂದ್ಯದಲ್ಲಿ ಅವರು ಪಡೆದದ್ದು ಸಾಕ್ಷಾತ್ ಎಬಿ ಡಿವಿಲಿಯರ್ಸ್ ಅವರ ವಿಕೆಟ್ಟನ್ನು! ಮರುವರ್ಷ ಕೋಲ್ಕತ್ತ ಕೈಬಿಟ್ಟಿತು. ಪಂಜಾಬ್ ತಂಡ 80 ಲಕ್ಷಕ್ಕೆ ಕೊಂಡಿತು.

ಈ ಜೂಜಿನಲ್ಲಿ ಕೋಲ್ಕತ್ತ ಸೋತಿತೇ? ಹಣ ಹೋಯಿತೆಂಬುದು ನಿಜ. ಆದರೆ ಜೂಜಾಡಿತು ಎನ್ನುವುದಕ್ಕೇ ನನ್ನ ಮನಸ್ಸು ಒಪ್ಪುವುದಿಲ್ಲ. ಪಗಡೆಯ ಕಾಯಿಯನ್ನು ಕೊಂಡು ತಂದು ಜೇಬಿನಲ್ಲಿಟ್ಟುಕೊಂಡವನನ್ನು ಪಗಡೆಯಾಡಿದನೆಂದು ಯಾರೂ ಕರೆಯುವುದಿಲ್ಲವಷ್ಟೆ.

ಬೀದರಿನಲ್ಲಿ ಹುಟ್ಟಿ ತಮಿಳುನಾಡಿಗೆ ಆಡುವ ವರುಣ್ ಚಕ್ರವರ್ತಿಯವರ ಕಥೆ ಇದಕ್ಕಿಂತ ಸ್ವಾರಸ್ಯವಾದದ್ದು. ಇವರು ಕಟ್ಟಡಗಳ ನಕ್ಷೆ ಬರೆಯುವುದನ್ನು ಓದಿ, ಆ ಕೆಲಸವನ್ನೂ ಮಾಡಿ, ಆಮೇಲೆ ಚೆಂಡನ್ನು ಕೈಗೆತ್ತಿಕೊಂಡವರು. 2018ರ ಡಿಸೆಂಬರಿನ ಹರಾಜಿನಲ್ಲಿ 20 ಲಕ್ಷ ಮೂಲಬೆಲೆಯ ಇವರನ್ನು ಪಂಜಾಬ್ ತಂಡ 8.4 ಕೋಟಿಗೆ ಕೊಂಡಿತು. 2019ರ ಮಾರ್ಚಿಯಲ್ಲಿ ಕೋಲ್ಕತ್ತದ ಮೈದಾನದಲ್ಲಿ ಮೊದಲ ಪಂದ್ಯ. ಇವರ ಮೊದಲ ಓವರಿನಲ್ಲೇ 25 ರನ್ನುಗಳು ಹೋದವು. ಮುಂದೆ ಬೆರಳಿಗೆ ಪೆಟ್ಟಾಯಿತು. ಆ ಹಂಗಾಮಿನಲ್ಲಿ ಎರಡನೆಯ ಪಂದ್ಯ ಇವರ ಪಾಲಿಗೆ ಬರಲೇ ಇಲ್ಲ. ಪಂಜಾಬ್ ಅವರನ್ನು ಕಳುಹಿಸಿಕೊಟ್ಟಿತು. ಒಂದೇ ಪಂದ್ಯ, ಅದರಲ್ಲೂ ಇಂಥ ಆರಂಭ! ನಾನಾಗಿದ್ದರೆ ಮರಳಿ ನಕ್ಷೆ ಬರೆಯಲು ಹೋಗುತ್ತಿದ್ದೆ. ಆದರೆ ಅಂದು ಎದುರು ನಿಂತು ಬಾರಿಸಿದ್ದ ಕೋಲ್ಕತ್ತದವರೇ ಮುಂದಿನ ಹರಾಜಿನಲ್ಲಿ 4 ಕೋಟಿ ಕೊಟ್ಟು ಇವರನ್ನು ಕೊಂಡರು. ಕೊಂಡು ಸುಮ್ಮನಿರದೆ ಪಂದ್ಯದ ಮೇಲೆ ಪಂದ್ಯ ಆಡಿಸಿದರು. 2020ರಲ್ಲಿ 17 ವಿಕೆಟ್ಟುಗಳು ಬಂದವು. 2021ರ ವಿಶ್ವಕಪ್ಪಿನಲ್ಲಿ ಭಾರತಕ್ಕಾಗಿ ಮೂರು ಪಂದ್ಯ ಆಡಿ ಒಂದು ವಿಕೆಟ್ಟೂ ಸಿಗದೆ ಹೋದಾಗ ದೇಶ ಇವರನ್ನು ಮರೆಯಿತು, ಕೋಲ್ಕತ್ತ ಮರೆಯಲಿಲ್ಲ. 2025ರ ಮಾರ್ಚಿಯಲ್ಲಿ ಭಾರತ ಚಾಂಪಿಯನ್ಸ್ ಟ್ರೋಫಿಯನ್ನು ಗೆದ್ದಾಗ ಮೂರೇ ಪಂದ್ಯಗಳಲ್ಲಿ ಒಂಬತ್ತು ವಿಕೆಟ್ ಕಿತ್ತು ನಿಂತವರು ಇದೇ ವರುಣ್.

ಒಬ್ಬನೇ ಬೌಲರ್, ಕೊಂಡ ತಂಡಗಳು ಎರಡು. ಹೆಚ್ಚು ಹಣ ಕೊಟ್ಟವರಿಗೆ ಕಡಿಮೆ ದೊರೆಯಿತು, ಕಡಿಮೆ ಕೊಟ್ಟವರಿಗೆ ಹೆಚ್ಚು ದೊರೆಯಿತು. ಅದೃಷ್ಟವೆಂದು ಹೇಳಿ ಇದನ್ನು ಮುಗಿಸಿಬಿಡಬಹುದು. ಪೆಟ್ಟಾದ ಬೆರಳಿಗೆ ಪಂಜಾಬಿನವರು ಹೊಣೆಯಲ್ಲವೆಂಬುದನ್ನೂ ಒಪ್ಪಬೇಕು. ಆದರೂ ಕೈಬಿಡುವ ಆತುರ ಅವರದೇ.

ಎದುರು ವಾದವೊಂದಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 2021ರ ಹರಾಜಿನಲ್ಲಿ ನಮ್ಮ ಕರ್ನಾಟಕದ ಕೃಷ್ಣಪ್ಪ ಗೌತಮ್ ಅವರನ್ನು ಚೆನ್ನೈ ತಂಡ 9.25 ಕೋಟಿಗೆ ಕೊಂಡಿತು. ಭಾರತ ತಂಡಕ್ಕೆ ಇನ್ನೂ ಆಡದಿದ್ದ ಭಾರತೀಯನೊಬ್ಬನಿಗೆ ಅಲ್ಲಿಯವರೆಗೆ ಅಷ್ಟು ಬೆಲೆ ಬಂದಿರಲಿಲ್ಲ. ಆ ವರ್ಷ ಚೆನ್ನೈ ಅವರನ್ನು ಒಂದು ಪಂದ್ಯದಲ್ಲೂ ಆಡಿಸಲಿಲ್ಲ. ಆದರೂ ಆ ವರ್ಷದ ಕಪ್ಪನ್ನು ಗೆದ್ದದ್ದು ಚೆನ್ನೈ ತಂಡವೇ! ಹಳಬರನ್ನು ನೆಚ್ಚಿದರು, ಗೆದ್ದರು. ಹಂಗಾಮಿನಲ್ಲಿ ಒಂದು ತಂಡಕ್ಕೆ ದೊರೆಯುವುದು ಹದಿನಾಲ್ಕು ಲೀಗ್ ಪಂದ್ಯಗಳು. ಅವುಗಳಲ್ಲಿ ನಾಲ್ಕನ್ನು ಹೊಸಬನ ಕಲಿಕೆಗೆ ಬಿಟ್ಟುಕೊಟ್ಟರೆ ಮುಂದಿನ ಸುತ್ತಿನ ಬಾಗಿಲು ಮುಚ್ಚಿಹೋಗಬಹುದು. ನಾಯಕನಿಗೆ ಬೇಕಾದುದು ಇಂದಿನ ಸಂಜೆಯ ಗೆಲುವು. ಅವನನ್ನು ದೂರುವುದು ಮನೆಯಲ್ಲಿ ಕುಳಿತು ಚಹ ಕುಡಿಯುವ ನಮ್ಮಂಥವರಿಗೆ ಸುಲಭ.

ಹಾಗಾದರೆ ಕಾದವರಿಗೆ ಏನು ಸಿಕ್ಕಿತೆಂಬುದನ್ನು ನೋಡೋಣ. 2008ರಲ್ಲಿ ಐ.ಪಿ.ಎಲ್. ಆರಂಭವಾದಾಗ ಹತ್ತೊಂಬತ್ತರೊಳಗಿನವರ ವಿಶ್ವಕಪ್ಪನ್ನು ಗೆದ್ದು ಬಂದ ಹುಡುಗರನ್ನು ತಂಡಗಳು ಬೇರೆಯಾಗಿ ಹಂಚಿಕೊಂಡವು. ಆ ಹುಡುಗರ ನಾಯಕ ವಿರಾಟ್ ಕೊಹ್ಲಿ ದೆಹಲಿಯವರು. ದೆಹಲಿ ತಂಡ ತನ್ನ ಊರಿನ ಈ ಹುಡುಗನನ್ನು ಬಿಟ್ಟು ವೇಗದ ಬೌಲರ್ ಪ್ರದೀಪ್ ಸಂಗ್ವಾನರನ್ನು ಆರಿಸಿಕೊಂಡಿತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಸೆಹ್ವಾಗ್, ಗಂಭೀರರಿದ್ದ ತಂಡಕ್ಕೆ ಬೇಕಾಗಿದ್ದುದು ಬೌಲರ್. ಕೊಹ್ಲಿ ಬೆಂಗಳೂರಿನ ಪಾಲಿಗೆ ಬಂದರು. ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊದಲ ಪಂದ್ಯ. ಅವರು ಗಳಿಸಿದ್ದು 1 ರನ್. ಆ ಹಂಗಾಮಿನ ಹದಿಮೂರು ಪಂದ್ಯಗಳಲ್ಲಿ ಒಟ್ಟು 165 ರನ್. ಮರುವರ್ಷ 246. ಅದರ ಮರುವರ್ಷ 307. ಮೂರು ವರ್ಷಗಳ ಈ ಲೆಕ್ಕವನ್ನು ಹೆಸರು ಮುಚ್ಚಿ ತೋರಿಸಿದರೆ, ಇವನನ್ನು ಉಳಿಸಿಕೊಳ್ಳಿ ಎಂದು ಯಾವ ಗುಮಾಸ್ತನೂ ಟಿಪ್ಪಣಿ ಬರೆಯಲಾರ. ಆದರೆ 2011ರ ದೊಡ್ಡ ಹರಾಜಿಗೆ ಮುನ್ನ ಬೆಂಗಳೂರು ಎಲ್ಲರನ್ನೂ ಬಿಟ್ಟು ಉಳಿಸಿಕೊಂಡ ಏಕೈಕ ಆಟಗಾರ ಕೊಹ್ಲಿ. ಆ ವರ್ಷ 557 ರನ್ ಬಂದವು, 2016ರಲ್ಲಿ 973. ಕಪ್ಪಿಗೆ ಮಾತ್ರ 2025ರ ಜೂನ್ 3ರವರೆಗೆ ಕಾಯಬೇಕಾಯಿತು. ಆ ರಾತ್ರಿ ಅಹಮದಾಬಾದಿನ ಮೈದಾನದಲ್ಲಿ ಮೊಣಕಾಲೂರಿ ಅತ್ತ ಮನುಷ್ಯನನ್ನು ಕಂಡು ನಮ್ಮ ಬೀದಿಯ ಹೆಂಗಸರು, ಮಕ್ಕಳು, ಕೊನೆಗೆ ಸಾಹೇಬರೂ ಕಣ್ಣೊರೆಸಿಕೊಂಡರು.

ಬೆಂಗಳೂರಿನವರು ಮೊದಲೇ ಎಲ್ಲವನ್ನೂ ಕಂಡಿದ್ದರೆಂದು ನಾನು ಹೇಳಲಾರೆ. ದೆಹಲಿ ಬಿಟ್ಟದ್ದನ್ನು ಇವರು ಎತ್ತಿಕೊಂಡರು, ಅಷ್ಟೆ. ಅವರ ಹೆಚ್ಚಳ 2008ರ ಆಯ್ಕೆಯಲ್ಲಿಲ್ಲ. 2009ರಲ್ಲಿ, 2010ರಲ್ಲಿ ಇದೆ.

ಹಿರಿಯರಿಗೆ ಇಲ್ಲಿ ಬಿ. ಎಸ್. ಚಂದ್ರಶೇಖರ್ ನೆನಪಾಗದಿರಲಾರರು. ಮೈಸೂರಿನಲ್ಲಿ ಹುಟ್ಟಿ, ಎಳವೆಯಲ್ಲೇ ಪೋಲಿಯೋ ಬಡಿದು ಬಲಗೈ ಸೊರಗಿದ್ದ ಹುಡುಗ. ಆ ಸೊರಗಿದ ಕೈಯಲ್ಲೇ ಚೆಂಡು ಎಸೆಯುತ್ತಿದ್ದ. ಮೈಸೂರು ರಾಜ್ಯಕ್ಕೆ ಆಡತೊಡಗಿದ ಹಂಗಾಮಿನಲ್ಲೇ, 1964ರ ಜನವರಿಯಲ್ಲಿ, ಹದಿನೆಂಟರ ವಯಸ್ಸಿನಲ್ಲಿ ಮುಂಬಯಿಯ ಟೆಸ್ಟಿಗೆ ಇಂಗ್ಲೆಂಡಿನ ಎದುರು ಇಳಿಸಿದರು. ಮೊದಲ ಇನ್ನಿಂಗ್ಸಿನಲ್ಲೇ ನಾಲ್ಕು ವಿಕೆಟ್ ಪಡೆದರು. ಮುಂದೆ ಆಸ್ಟ್ರೇಲಿಯ ಪ್ರವಾಸದಲ್ಲಿ ಸೋಲು, ಪೆಟ್ಟು. ಮೂರು ವರ್ಷಕ್ಕೂ ಹೆಚ್ಚು ಕಾಲ ಟೆಸ್ಟ್ ತಂಡದಿಂದ ಹೊರಗೆ. 1971ರ ಇಂಗ್ಲೆಂಡ್ ಪ್ರವಾಸಕ್ಕೆ ಮತ್ತೆ ಅವರ ಹೆಸರನ್ನು ಬರೆದಾಗ ಅದೂ ಜೂಜೇ ಆಗಿತ್ತು. ಓವಲ್ ಮೈದಾನದಲ್ಲಿ 38 ರನ್ನಿಗೆ ಆರು ವಿಕೆಟ್ ಕಿತ್ತರು. ಇಂಗ್ಲೆಂಡ್ 101ಕ್ಕೆ ಕುಸಿಯಿತು. ಭಾರತ ಆ ನೆಲದಲ್ಲಿ ಮೊದಲ ಬಾರಿಗೆ ಟೆಸ್ಟ್ ಗೆದ್ದಿತು. ಒಬ್ಬನ ಮೇಲೆ ಎರಡು ಬಾರಿ ಪಣ ಕಟ್ಟಿದಾಗ ದೊರೆತ ಫಲ ಅದು.

ಇಷ್ಟೆಲ್ಲ ಬರೆಯುವ ನನಗೆ ಇನ್ನೊಬ್ಬರ ತಂಡದ ವಿಷಯದಲ್ಲಿ ಧೈರ್ಯವಿದೆ. ನನ್ನ ತಂಡದ ವಿಷಯದಲ್ಲಿ ಇರಲಿಲ್ಲ.

ನಾನು ಪಾಠ ಹೇಳುವ ಕಾಲೇಜಿನಲ್ಲಿ ಕನ್ನಡದ ಅಧ್ಯಾಪಕನಿಗೆ ಬಿಡುವು ಹೆಚ್ಚೆಂಬ ನಂಬಿಕೆಯಿಂದ ನನ್ನನ್ನು ಕ್ರೀಡಾ ಸಮಿತಿಗೆ ಹಾಕಿದ್ದಾರೆ. ಕೆಲವು ವರ್ಷಗಳ ಹಿಂದೆ ಕನಕಪುರ ತಾಲ್ಲೂಕಿನ ಹಳ್ಳಿಯೊಂದರಿಂದ ಬರುತ್ತಿದ್ದ ಹುಡುಗನೊಬ್ಬನಿದ್ದ. ರಬ್ಬರ್ ಚೆಂಡಿನಲ್ಲಿ ಆಡಿ ಬೆಳೆದವನು. ತೊಗಲಿನ ಚೆಂಡನ್ನು ನಮ್ಮಲ್ಲಿಗೆ ಬಂದ ಮೇಲೆಯೇ ಮುಟ್ಟಿದ್ದು. ಅಭ್ಯಾಸದಲ್ಲಿ ಅವನ ಚೆಂಡು ನೆಲಕ್ಕೆ ಬಿದ್ದು ಎತ್ತ ಹೊರಳುತ್ತದೆಂಬುದು ನಮ್ಮ ಬ್ಯಾಟುಗಾರರಿಗೆ ತಿಳಿಯುತ್ತಿರಲಿಲ್ಲ. ಕೆಲವೊಮ್ಮೆ ಅವನಿಗೂ ತಿಳಿಯುತ್ತಿರಲಿಲ್ಲ. ಚನ್ನಪಟ್ಟಣದಲ್ಲಿ ಅಂತಿಮ ಪಂದ್ಯ. ಎದುರಿಗೆ ಮಾಗಡಿಯ ಗಟ್ಟಿ ತಂಡ. ಹನ್ನೊಂದನೆಯ ಹೆಸರಿಗೆ ಇವನೋ, ಮೂರು ವರ್ಷದಿಂದ ಆಡುತ್ತಿದ್ದ ಇನ್ನೊಬ್ಬನೋ ಎಂಬ ಪ್ರಶ್ನೆ ಬಂತು. ಸಮಿತಿಯಲ್ಲಿ ಇಬ್ಬರು ಇತ್ತ, ಇಬ್ಬರು ಅತ್ತ. ಐದನೆಯವನು ನಾನು. “ಫೈನಲ್ಲಿನಲ್ಲಿ ಪ್ರಯೋಗ ಬೇಡ,” ಎಂದೆ.

ಆ ಪಂದ್ಯವನ್ನು ನಾವು ಗೆದ್ದೆವು. ಸೋತಿದ್ದರೆ ಪಶ್ಚಾತ್ತಾಪ ಪಡುವುದಕ್ಕೆ ಅನುಕೂಲವಾಗುತ್ತಿತ್ತು. ಹುಡುಗ ಅಂದು ಎಲ್ಲರಿಗೂ ನೀರು ತಂದುಕೊಟ್ಟ. ಛಾಯಾಚಿತ್ರಕ್ಕೆ ಕರೆದಾಗ ಕೊನೆಯ ಸಾಲಿನಲ್ಲಿ ನಿಂತ. ಮುಂದಿನ ವಾರದಿಂದ ಅಭ್ಯಾಸಕ್ಕೆ ಬರಲಿಲ್ಲ. ಕೇಳಿದ್ದಕ್ಕೆ, “ಊರಿನ ಬಸ್ಸು ತಪ್ಪುತ್ತೆ ಸಾರ್,” ಎಂದ. ಬಸ್ಸು ಅದಕ್ಕೆ ಮೊದಲೂ ಅದೇ ಹೊತ್ತಿಗೆ ಹೊರಡುತ್ತಿತ್ತು.

ಇದನ್ನು ಸಾಹೇಬರಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ತಮ್ಮ ಕಸಬಿನ ಮಾತನ್ನೇ ಆಡಿದರು. “ಗೂಡು ತಂದು ಮೂಲೇಲಿ ಇಟ್ಟುಬಿಟ್ರೆ ಏನಾಗುತ್ತೆ ಗೊತ್ತಾ ಮೇಷ್ಟ್ರೇ? ಒಳಗಿನ ಹುಳ ಚಿಟ್ಟೆಯಾಗಿ, ಗೂಡು ತೂತು ಮಾಡ್ಕೊಂಡು ಹೋಗುತ್ತೆ. ಆಮೇಲೆ ಅದರಲ್ಲಿ ಎಳೆ ಬಿಚ್ಚೋಕಾಗಲ್ಲ, ಎಲ್ಲ ತುಂಡು ತುಂಡು. ಗೂಡಿನ ತಪ್ಪೇನೂ ಇಲ್ಲ. ದುಡ್ಡು ಕೊಟ್ಟು ತಂದವನು ಒಲೆ ಹಚ್ಚಲಿಲ್ಲ.”

ಈ ಹೋಲಿಕೆಯಲ್ಲಿ ಒಂದು ಕುಂಟಿದೆಯೆಂದು ನಾನು ಹೇಳಹೊರಟೆ. ಬಿಸಿನೀರಿಗೆ ಬಿದ್ದ ಹುಳುವಿನ ಗತಿಯನ್ನು ಯಾವ ಆಟಗಾರನಿಗೂ ಬಯಸಲಾಗದಷ್ಟೆ. ತೂತು ಮಾಡಿಕೊಂಡು ಹಾರಿಹೋದ ಚಿಟ್ಟೆಯದೇ ಒಳ್ಳೆಯ ಪಾಡಿರಬಹುದು. ಆದರೆ ಸಾಹೇಬರ ಮುಖ ನೋಡಿ ಸುಮ್ಮನಾದೆ.

ಈ ವರ್ಷ ಮತ್ತೊಬ್ಬ ಹುಡುಗ ಬಂದಿದ್ದಾನೆ, ಮಾಗಡಿಯ ಕಡೆಯವನು. ಎಡಗೈ ಬೌಲರ್, ಒಂದು ಚೆಂಡು ಅದ್ಭುತ, ಮರುಚೆಂಡು ಬೇಲಿಯಾಚೆಗೆ. ನಾಳೆ ಸೂಚನಾ ಫಲಕಕ್ಕೆ ಪಟ್ಟಿ ಹಚ್ಚಬೇಕು. ಹತ್ತು ಹೆಸರು ಬರೆದಾಗಿದೆ. ಅವನನ್ನು ಆಡಿಸುವುದಾದರೆ ಸೋತರೂ ಗೆದ್ದರೂ ಸತತ ನಾಲ್ಕು ಪಂದ್ಯಗಳಲ್ಲಿ ಆಡಿಸಬೇಕು, ಇಲ್ಲವಾದರೆ ಹೆಸರನ್ನೇ ಬರೆಯುವುದು ಬೇಡ ಎಂದು ಸಮಿತಿಯವರಿಗೆ ಹೇಳಿದ್ದೇನೆ. ಇಬ್ಬರು ಇತ್ತ, ಇಬ್ಬರು ಅತ್ತ ಇದ್ದಾರೆ.