ಲಾಂಚಿನವರ ಕಸುಬು

ಶಿಕಾರಿಪುರ, ಸೊರಬದ ಕಡೆಯವರಿಗೆ ಇಂಜಿನ್ನಿನ ದೋಣಿಯೆಂದರೆ ಸಾಗರ ಪಟ್ಟಣದಾಚೆಯ ಹೊಳೆಬಾಗಿಲಿನದೇ. ಸಿಗಂದೂರಿಗೆ ಹೊರಟವರನ್ನು ಕಾರು, ಜೀಪುಗಳ ಸಮೇತ ಶರಾವತಿ ಹಿನ್ನೀರು ದಾಟಿಸುತ್ತಿದ್ದ ಲಾಂಚ್ ಅದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ಆಚೆ ದಡದ ತುಮರಿ ಸೀಮೆ ದ್ವೀಪದಂತಾಯಿತು. ಆಸ್ಪತ್ರೆ, ಕೋರ್ಟು, ಕಾಲೇಜು, ಮದುವೆ ದಿಬ್ಬಣ ಎಲ್ಲಕ್ಕೂ ಕಡವಿನಲ್ಲಿ ಕಾಯುವುದು ಅಲ್ಲಿನವರ ಪಾಲಿಗೆ ಬಂತು. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಗಿ ಆ ಕಾಯುವಿಕೆ ಮುಗಿಯಿತು. ಜತೆಗೇ ಇನ್ನೊಂದು ಮಾತು ಕೇಳಿಬಂತು: ಲಾಂಚುಗಳನ್ನು ಪ್ರವಾಸಿಗರ ವಿಹಾರಕ್ಕೆ ಬಿಟ್ಟರೆ ಹೇಗೆ?

ಬಿಡಬಹುದು. ಆದರೆ ಸೋಫಾ ಹಾಕಿ, ಬಣ್ಣದ ದೀಪ ಕಟ್ಟಿದ ಮಾತ್ರಕ್ಕೆ ಕಡವಿನ ದೋಣಿ ವಿಹಾರ ನೌಕೆಯಾಗುವುದಿಲ್ಲ. ಗ್ರೀಸ್, ಕ್ರೊವೇಷಿಯಾದ ಕರಾವಳಿಯಲ್ಲಿ ಮೋಟಾರ್ ಯಾಟ್‌ಗಳನ್ನು ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಸಿಬ್ಬಂದಿ ಸಮೇತ ಪಡೆಯಬಹುದು, ಅರ್ಹತಾಪತ್ರವಿದ್ದರೆ ತಾವೇ ನಡೆಸಲೂಬಹುದು. ಕೈಗೊಪ್ಪಿಸುವ ಮುನ್ನ ಲಂಗರಿನಿಂದ ಹಿಡಿದು ಅಡಿಗೆಮನೆಯ ಚಮಚದವರೆಗೆ ಪಟ್ಟಿ ಓದಿ ತೋರಿಸುತ್ತಾರೆ. ವಾಪಸು ತಂದಾಗ ಡೀಸೆಲ್ ಟ್ಯಾಂಕ್ ತುಂಬಿರಬೇಕು, ದೋಣಿಯ ತಳ ಕಲ್ಲಿಗೆ ತಾಗಿದ್ದರೆ ಠೇವಣಿ ಹೋಗುತ್ತದೆ. ಬೆಳ್ಳನೆಯ ಆ ಯಾಟ್‌ಗೂ ನಮ್ಮ ಕಬ್ಬಿಣದ ಲಾಂಚಿಗೂ ನೋಟದಲ್ಲಿ ಸಂಬಂಧವಿಲ್ಲ. ಇಂಜಿನ್ ಕೋಣೆಗೆ ಇಳಿದರೆ ಮಾತ್ರ ಎರಡೂ ಒಂದೇ ಮನೆಯವು.

ಅಲ್ಲಿಗೇ ಇಳಿಯೋಣ. ಕಾರಿನ ಇಂಜಿನ್ನಿಗೆ ಎದುರಿನ ಗಾಳಿಯ ತಂಪು ಸಿಗುತ್ತದೆ, ದೋಣಿಯದಕ್ಕೆ ಅದಿಲ್ಲ. ಹೊರಗಿನ ನೀರನ್ನೇ ಒಳಗೆಳೆದು, ಇಂಜಿನ್ನಿನ ಬಿಸಿಯನ್ನು ಅದಕ್ಕೆ ದಾಟಿಸಿ, ಮತ್ತೆ ಹೊರಗೆ ಉಗುಳಬೇಕು. ನೀರು ಬರುವ ದಾರಿಯಲ್ಲಿ ಒಂದು ಜಾಲರಿ, ಅದರಾಚೆ ಪಂಪಿನೊಳಗೆ ರಬ್ಬರಿನ ಪುಟ್ಟ ಚಕ್ರ. ಮಳೆಗಾಲದ ಹಿನ್ನೀರಿನಲ್ಲಿ ತೇಲಿಬರುವ ಎಲೆ, ಹುಲ್ಲು, ಪ್ಲಾಸ್ಟಿಕ್ ಚೀಲ ಜಾಲರಿಗೆ ಮೆತ್ತಿಕೊಂಡರೆ ಚಕ್ರ ಒಣಗಿ ತಿರುಗುತ್ತದೆ. ಕೆಲವೇ ನಿಮಿಷಗಳಲ್ಲಿ ಅದು ಸುಟ್ಟು ಹರಿಯುತ್ತದೆ, ಇಂಜಿನ್ ಕಾಯುತ್ತದೆ. ಅದಕ್ಕೇ ಪಳಗಿದ ಚಾಲಕ ಚಾಲೂ ಮಾಡಿದೊಡನೆ ಮೀಟರು ನೋಡುವ ಮೊದಲು ಬದಿಗೆ ಬಗ್ಗಿ ನೋಡುತ್ತಾನೆ: ನೀರು ಹೊರಗೆ ಬೀಳುತ್ತಿದೆಯೇ?

ಇನ್ನೊಂದು ಜಾಗ, ಹೊಸಬರನ್ನು ಗಾಬರಿಪಡಿಸುವಂಥದು. ಪಂಖ ತಿರುಗಿಸುವ ದಂಡ ದೋಣಿಯ ತಳವನ್ನು ತೂರಿಕೊಂಡು ಹೊರಗೆ ಹೋಗುತ್ತದೆ. ಆ ತೂತಿನ ಸುತ್ತ ಗ್ರೀಸು ಮೆತ್ತಿದ ಹುರಿ ತುರುಕಿ, ನಟ್ಟು ಬಿಗಿದಿರುತ್ತಾರೆ. ಇಂಥ ಹಳೆಯ ಮಾದರಿಯ ದೋಣಿಯಲ್ಲಿ ಇಂಜಿನ್ ಓಡುವಾಗ ಅಲ್ಲಿಂದ ಹನಿ ಹನಿ ನೀರು ಒಳಗೆ ತೊಟ್ಟಿಕ್ಕಲೇಬೇಕು. ಸೋರುತ್ತಿದೆಯೆಂದು ಪೂರ್ತಿ ಬಿಗಿದುಬಿಟ್ಟರೆ ದಂಡ ಕಾದು ಸವೆಯುತ್ತದೆ. ಸಡಿಲ ಬಿಟ್ಟರೆ ತಳದಲ್ಲಿ ನೀರು ಏರುತ್ತದೆ. ಎಷ್ಟು ಬಿಗಿಯಬೇಕೆಂಬುದು ಕೈಗೆ ಮಾತ್ರ ಗೊತ್ತಾಗುವ ಸಂಗತಿ. ತೊಟ್ಟಿಕ್ಕಿದ ನೀರನ್ನು ಹೊರಹಾಕುವ ಪಂಪನ್ನು ದಿನವೂ ಒಮ್ಮೆ ನಡೆಸಿ ನೋಡಬೇಕು.

ತುಕ್ಕಿನದು ಬೇರೆಯೇ ಅಧ್ಯಾಯ. ಉಕ್ಕಿನ ತಳಕ್ಕೂ ಹಿತ್ತಾಳೆ, ಕಂಚಿನ ಪಂಖಕ್ಕೂ ನೀರು ಸೇತುವೆಯಾಗಿ ಸಣ್ಣ ವಿದ್ಯುತ್ ಹರಿಯುತ್ತದೆ, ಉಕ್ಕು ಸವೆಯುತ್ತದೆ. ಅದರ ಬದಲು ತಾನು ಸವೆದುಹೋಗಲೆಂದೇ ಬೇರೊಂದು ಲೋಹದ ಗಟ್ಟಿಯನ್ನು ತಳಕ್ಕೆ ಕೂರಿಸುತ್ತಾರೆ. ಮಂಗಳೂರಿನ ಉಪ್ಪುನೀರಿಗೆ ಸತು ಸರಿ. ಶರಾವತಿಯಂಥ ಸಿಹಿನೀರಿನಲ್ಲಿ ಸತುವಿನ ಮೇಲೆ ಪದರ ಕಟ್ಟಿ ಅದು ಸುಮ್ಮನಾಗುತ್ತದೆ. ಇಲ್ಲಿ ಮೆಗ್ನೀಸಿಯಂ ಬೇಕು. ಕರಾವಳಿಯಲ್ಲಿ ಕಲಿತದ್ದನ್ನು ಘಟ್ಟದ ಮೇಲೆ ಹಾಗೇ ಹೊತ್ತುತಂದರೆ ಇಂಥಲ್ಲಿ ಎಡವಟ್ಟಾಗುತ್ತದೆ.

ನಡೆಸುವ ವಿಷಯಕ್ಕೆ ಬಂದರೆ, ದೋಣಿಗೆ ಬ್ರೇಕಿಲ್ಲ. ನಿಲ್ಲಿಸಲು ಪಂಖವನ್ನು ಹಿಮ್ಮುಖ ತಿರುಗಿಸಬೇಕು. ಹಾಗೆ ತಿರುಗಿಸಿದಾಗ ಒಂದೇ ಪಂಖದ ದೋಣಿಯ ಹಿಂಭಾಗ ನೇರ ಬರದೆ ಒಂದು ಬದಿಗೆ ಜಗ್ಗುತ್ತದೆ. ಯಾವ ಬದಿಗೆಂದು ತಿಳಿದವನು ಆ ಜಗ್ಗಾಟವನ್ನೇ ಬಳಸಿ ದೋಣಿಯನ್ನು ದಡಕ್ಕೆ ಒರಗಿಸುತ್ತಾನೆ. ತಿಳಿಯದವನು ಚುಕ್ಕಾಣಿಯೊಂದಿಗೆ ಕುಸ್ತಿ ಆಡುತ್ತಾನೆ. ಗಾಳಿಗೆ ಎದುರಾಗಿ, ಮೆಲ್ಲಗೆ ದಡ ಸೇರುವುದು ಎಲ್ಲ ಕಡೆಯ ಪಾಠ.

ಶರಾವತಿಯದು ಇದರ ಮೇಲೊಂದು ಪಾಠ. ಈ ನೀರಿನಡಿ ಇರುವುದು ಮುಳುಗಿದ ಕಾಡು, ಮುಳುಗಿದ ಊರು. ಮರದ ಬೊಡ್ಡೆಗಳು ಇಂದಿಗೂ ನಿಂತಿವೆ. 1940ರ ದಶಕದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯೂ ಒಳಗಿದೆ, ನೀರು ತೀರ ಇಳಿದ ಬೇಸಿಗೆಯಲ್ಲಿ ತಲೆ ತೋರಿಸುತ್ತದೆ. ಜಲಾಶಯದ ಗರಿಷ್ಠ ಮಟ್ಟ 1819 ಅಡಿ. ಅಲ್ಲಿಂದ ಇಳಿಯುತ್ತ ಬಂದಂತೆ ನಿನ್ನೆ ಸುರಕ್ಷಿತವಾಗಿದ್ದ ದಾರಿಯಲ್ಲಿ ಇವತ್ತು ಬೊಡ್ಡೆ ಪಂಖಕ್ಕೆ ತಾಗಬಹುದು. ಕಡವಿನ ಲಾಂಚಿಗಿದ್ದದ್ದು ಒಂದೇ ದಾರಿ. ವಿಹಾರಕ್ಕೆ ಹೊರಟವರು ನಡುಗಡ್ಡೆ ಸುತ್ತಬೇಕು, ಸೂರ್ಯಾಸ್ತ ನೋಡಬೇಕು ಎನ್ನುತ್ತಾರೆ. ಯಾವ ತಿಂಗಳಲ್ಲಿ ಎಲ್ಲಿಯವರೆಗೆ ಹೋಗಬಹುದೆಂಬುದು ಈ ನೀರಿನ ಮೇಲೇ ವರ್ಷ ಕಳೆದವರಿಂದ ಕೇಳಿ ತಿಳಿಯಬೇಕಾದದ್ದು. ಹಾಗಾಗಿ ಲಾಂಚುಗಳ ಜತೆಗೆ ಅವನ್ನು ನಡೆಸಿದವರನ್ನೂ ಉಳಿಸಿಕೊಳ್ಳದೆ ವಿಹಾರದ ಟೆಂಡರು ಕರೆಯುವುದು ನನಗಂತೂ ಅರ್ಧ ಕೆಲಸವಾಗಿ ಕಾಣುತ್ತದೆ.

ಕಾನೂನಿನ ಚೌಕಟ್ಟು ಈಗ ಇದೆ. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ನೋಂದಣಿ, ತಪಾಸಣಾ ಪತ್ರ, ವಿಮೆ, ಸಿಬ್ಬಂದಿಯ ಅರ್ಹತಾಪತ್ರ ಇವನ್ನೆಲ್ಲ ಕೇಳುತ್ತದೆ. ನಿಯಮ ಕಾಗದದ ಮೇಲಿದ್ದರೆ ಸಾಲದೆಂದು ಹೇಳಲು ದೂರ ಹೋಗಬೇಕಿಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ವಿಹಾರ ದೋಣಿ ಮುಳುಗಿ 22 ಜೀವ ಹೋದವು. ಅದು ಮೀನುಗಾರಿಕೆ ದೋಣಿಯನ್ನು ಮಾರ್ಪಡಿಸಿದ್ದು. ಮೇಲೊಂದು ಅಂತಸ್ತು ಕಟ್ಟಿ ಜನ ಹತ್ತಿಸಿದರೆ ಭಾರದ ಕೇಂದ್ರ ಮೇಲಕ್ಕೇರುತ್ತದೆ. ಫೋಟೋ ತೆಗೆಯಲೆಂದು ಎಲ್ಲರೂ ಒಂದೇ ಬದಿಗೆ ಧಾವಿಸಿದಾಗ ದೋಣಿ ಮತ್ತೆ ನೆಟ್ಟಗಾಗದೆ ಹೋಗಬಹುದು. ಲಾಂಚಿನ ಮೇಲೆ ಮಹಡಿ ಕಟ್ಟುವ ನಕ್ಷೆ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಬಾಡಿಗೆಗೆ ಪಡೆಯುವ ನಮಗೂ ಒಂದಿಷ್ಟು ಕೆಲಸವಿದೆ. ಲೈಫ್ ಜಾಕೆಟ್ ಎಣಿಸುವುದು, ಮಕ್ಕಳ ಅಳತೆಯದು ಕೇಳುವುದು, ಬೆಂಕಿ ಆರಿಸುವ ಸಿಲಿಂಡರು ಎಲ್ಲಿದೆಯೆಂದು ನೋಡುವುದು, ಎಷ್ಟು ಜನರಿಗೆ ಅನುಮತಿಯಿದೆಯೆಂದು ಫಲಕ ಓದುವುದು. ಮುಂಗಡ ಕಟ್ಟಿ ಬಂದ ದಿನ ಗಾಳಿ ಎದ್ದಿದೆ, ಹೋಗುವುದು ಬೇಡ ಎಂದು ಚಾಲಕ ಹೇಳಿದರೆ ವಾದಕ್ಕಿಳಿಯದೆ ಹಣ ವಾಪಸು ಪಡೆದು ಊರಿಗೆ ಹೊರಡುವುದು. ಹಾಗೆ ಹೇಳುವ ಅಧಿಕಾರ ಚಾಲಕನಿಗಿದೆಯೆಂದು ಬಾಡಿಗೆ ರಸೀತಿಯ ಹಿಂದೆಯೇ ಅಚ್ಚು ಹಾಕಿಸಿದರೆ ವಾದವೇ ಏಳುವುದಿಲ್ಲ.