ಹಳೆಯ ಕಾರಿನಲ್ಲಿ ದೋಷವನ್ನು ಹುಡುಕುವ ಕ್ರಮ

ಯಂತ್ರವೊಂದು ಕೆಟ್ಟಾಗ ಅದರ ಬಿಡಿಭಾಗವನ್ನು ಬದಲಾಯಿಸುವುದು ಸುಲಭ. ಕೆಟ್ಟಿರುವುದು ಯಾವುದೆಂದು ಅರಿಯುವುದೇ ಕಷ್ಟ. ಹಳೆಯ ಮೋಟಾರುಕಾರುಳ್ಳ ಮನೆಯವರೆಲ್ಲರೂ ಇದನ್ನು ಬಲ್ಲರು. ಕಾರು ಹೊರಡದಿದ್ದರೆ ಹೊಸ ಬ್ಯಾಟರಿ, ಮತ್ತೂ ಹೊರಡದಿದ್ದರೆ ಹೊಸ ಸ್ಟಾರ್ಟರು, ಹೀಗೆ ಹಣವು ವ್ಯಯವಾಗುತ್ತದೆ. ಕೊನೆಗೆ ದೋಷವಿದ್ದುದು ತುಕ್ಕು ಹಿಡಿದ ಒಂದು ಬೋಲ್ಟಿನಲ್ಲಿ ಎಂದು ತಿಳಿದುಬರುತ್ತದೆ. ಶಾಲೆಯ ವಿಜ್ಞಾನಪಾಠದಲ್ಲಿ ಕಲಿತ ವಿದ್ಯುತ್ತಿನ ನಿಯಮಗಳು ಇಂತಹ ಸಮಯದಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತವೆಂಬುದನ್ನು ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ತಿಳಿಸುವುದು ಈ ಲೇಖನದ ಉದ್ದೇಶ.

ಉದಾಹರಣೆಗೆ ಮಾರುತಿ 800 ಕಾರನ್ನು ತೆಗೆದುಕೊಳ್ಳೋಣ. 1983ರ ಡಿಸೆಂಬರಿನಲ್ಲಿ ಹೊರಬಂದ ಈ ಕಾರಿನ ತಯಾರಿಕೆಯು 2014ರಲ್ಲಿ ನಿಂತಿತು. ಆದರೂ ಅದು ಇನ್ನೂ ಅನೇಕ ಮನೆಗಳ ಅಂಗಳದಲ್ಲಿದೆ. ಅದರ ರಚನೆ ಸರಳವಾದುದರಿಂದ ಕಲಿಯುವವರಿಗೆ ಅನುಕೂಲ.

ಕಾರಿನ ಬ್ಯಾಟರಿಯಲ್ಲಿ ಸುಮಾರು 2.1 ವೋಲ್ಟಿನ ಆರು ಕೋಶಗಳು ಒಂದರ ಮುಂದೊಂದು ಜೋಡಿಸಲ್ಪಟ್ಟಿವೆ. ಆದುದರಿಂದ ಪೂರ್ಣ ಚಾರ್ಜಾಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿಯು ಸುಮಾರು 12.6 ವೋಲ್ಟನ್ನು ತೋರಿಸತಕ್ಕದ್ದು. 12 ವೋಲ್ಟಿಗೆ ಇಳಿದಿದ್ದರೆ ಅದು ಬಹುಮಟ್ಟಿಗೆ ಬರಿದಾಗಿದೆಯೆಂದು ತಿಳಿಯಬೇಕು. ಎಂಜಿನು ಓಡುತ್ತಿರುವಾಗ ಆಲ್ಟರ್ನೇಟರು ಬ್ಯಾಟರಿಯನ್ನು ತುಂಬುತ್ತದೆ, ಆಗ 13.8ರಿಂದ 14.4 ವೋಲ್ಟು ಕಾಣಬೇಕು. ಕಾಣದಿದ್ದರೆ ತಪ್ಪು ಆಲ್ಟರ್ನೇಟರಿನದೋ, ಅದರ ಬೆಲ್ಟಿನದೋ, ತಂತಿಯದೋ ಆಗಿರುತ್ತದೆ. ಬ್ಯಾಟರಿಯನ್ನು ಬದಲಾಯಿಸಿ ಪ್ರಯೋಜನವಿಲ್ಲ. ಇಷ್ಟನ್ನು ಒಂದು ಮಲ್ಟಿಮೀಟರಿನಿಂದ ಎರಡು ನಿಮಿಷದಲ್ಲಿ ಅಳೆಯಬಹುದು.

ಇನ್ನು ವಿದ್ಯುತ್ತಿನ ಹಾದಿಯನ್ನು ನೋಡೋಣ. ಬ್ಯಾಟರಿಯಿಂದ ದೀಪಕ್ಕೆ ಹೋಗಲು ತಂತಿಯುಂಟು. ಹಿಂದಿರುಗಿ ಬರಲು ಕಾರಿನ ಉಕ್ಕಿನ ಮೈಯೇ ಹಾದಿ. ಇದಕ್ಕೆ ಮೆಕ್ಯಾನಿಕರು ‘ಅರ್ತ್’ ಎನ್ನುತ್ತಾರೆ. ಹೋಗುವ ಹಾದಿಯನ್ನು ಎಲ್ಲರೂ ಪರೀಕ್ಷಿಸುತ್ತಾರೆ, ಬರುವ ಹಾದಿಯನ್ನು ಮರೆಯುತ್ತಾರೆ. ನಮ್ಮ ಕಾಸರಗೋಡಿನ ಕಡೆಯಲ್ಲಿ ಒಂದೆಡೆ ಕಡಲಿನ ಉಪ್ಪುಗಾಳಿ, ಇನ್ನೊಂದೆಡೆ ಆಟಿಯ ತಿಂಗಳ ಬಿಡದ ಮಳೆ. ತಂತಿಯು ಮೈಗೆ ಸೇರುವ ಬೋಲ್ಟುಗಳು ಇಲ್ಲಿ ಬೇಗನೆ ತುಕ್ಕು ಹಿಡಿಯುತ್ತವೆ.

ಆ ತುಕ್ಕಿನಿಂದಾಗುವ ಹಾನಿಯನ್ನು ಲೆಕ್ಕದಿಂದ ತಿಳಿಯಬಹುದು. ತುಕ್ಕಿನ ರೋಧವು 0.02 ಓಮ್ ಇದೆಯೆಂದು ಭಾವಿಸಿರಿ. ಹಿಂಬದಿಯ 5 ವ್ಯಾಟಿನ ದೀಪವು ಎಳೆಯುವುದು ಸುಮಾರು 0.4 ಆಂಪಿಯರ್, ಅಲ್ಲಿ ನಷ್ಟವಾಗುವುದು 0.008 ವೋಲ್ಟು ಮಾತ್ರ. ದೀಪವು ಚೆನ್ನಾಗಿಯೇ ಉರಿಯುತ್ತದೆ. ಆದರೆ ಸ್ಟಾರ್ಟರು 100 ಆಂಪಿಯರ್ ಎಳೆಯಿತೆನ್ನಿ. ಅದೇ ತುಕ್ಕಿನಲ್ಲಿ 2 ವೋಲ್ಟು ನಷ್ಟವಾಗುತ್ತದೆ, ಎಂಜಿನು ತಿರುಗಲಾರದು. “ದೀಪ ಉರಿಯುತ್ತಿದೆ, ಆದ್ದರಿಂದ ಸಂಪರ್ಕವೆಲ್ಲ ಸರಿಯಾಗಿದೆ” ಎಂಬ ತರ್ಕವು ಎಲ್ಲಿ ತಪ್ಪಿತೆಂಬುದು ಈಗ ಸ್ಪಷ್ಟ. ಒಬ್ಬರು ಸ್ಟಾರ್ಟರನ್ನು ತಿರುಗಿಸುತ್ತಿರುವಾಗ ಇನ್ನೊಬ್ಬರು ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣಾಗ್ರಕ್ಕೂ ಇನ್ನೊಂದನ್ನು ಎಂಜಿನಿನ ಲೋಹಕ್ಕೂ ಹಿಡಿಯಲಿ. ಗೇರು ನ್ಯೂಟ್ರಲಿನಲ್ಲಿರಬೇಕು, ಕೈಬ್ರೇಕು ಬಿಗಿದಿರಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ದೋಷವು ಆ ಹಾದಿಯಲ್ಲಿಯೇ ಇದೆ. ಬ್ಯಾಟರಿಯ ಸಂಪರ್ಕವನ್ನು ಬಿಡಿಸಿ, ಬೋಲ್ಟನ್ನು ಕಳಚಿ, ಉಜ್ಜಿ, ಬಿಗಿಗೊಳಿಸಿದರೆ ಸಾಕು. ಖರ್ಚು ಒಂದು ತುಂಡು ಉಪ್ಪುಕಾಗದ.

ಬಲಗಡೆಯ ಇಂಡಿಕೇಟರು ಹಾಕಿದಾಗ ಹಿಂಬದಿಯ ಇತರ ದೀಪಗಳೂ ಮಿನುಗುವುದುಂಟು. ಆ ದೀಪದ ಅರ್ತ್ ಕೆಟ್ಟು, ವಿದ್ಯುತ್ತು ಬೇರೆ ದೀಪಗಳ ಮೂಲಕ ಮನೆಗೆ ಮರಳುವ ದಾರಿಯನ್ನು ಹುಡುಕುತ್ತಿರುವುದೇ ಇದಕ್ಕೆ ಕಾರಣ. ಇಂಡಿಕೇಟರು ಅತಿವೇಗದಿಂದ ಮಿನುಗಿದರೆ ಆ ಪಕ್ಕದ ಒಂದು ಬಲ್ಬು ಹೋಗಿರುವ ಸಂಭವ ಹೆಚ್ಚು. ಫ್ಯೂಸು ಒಂದು ಬಾರಿ ಹೋದರೆ ಅದೇ ಅಳತೆಯದನ್ನು ಹಾಕಿ ನೋಡಬಹುದು. ಮತ್ತೆ ಹೋದರೆ ಎಲ್ಲಿಯೋ ತಂತಿಯು ಸವೆದು ಮೈಗೆ ತಾಗುತ್ತಿದೆಯೆಂದು ಅರ್ಥ. ಆಗ 10 ಆಂಪಿಯರಿನ ಕೆಂಪು ಫ್ಯೂಸಿನ ಜಾಗದಲ್ಲಿ 20 ಆಂಪಿಯರಿನ ಹಳದಿ ಫ್ಯೂಸನ್ನೋ ತಂತಿಯ ತುಂಡನ್ನೋ ಎಂದಿಗೂ ಹಾಕಕೂಡದು. ಕರಗಬೇಕಾದ ಫ್ಯೂಸು ಕರಗದಿದ್ದರೆ ತಂತಿ ಸುಡುತ್ತದೆ, ತಂತಿಯೊಡನೆ ಕಾರೂ ಸುಟ್ಟೀತು.

ಬ್ಯಾಟರಿಯ ಬಳಿ ಮಕ್ಕಳು ಹಿರಿಯರಿಲ್ಲದೆ ಕೆಲಸ ಮಾಡಬಾರದು. ಅದರಿಂದ ಹೊರಡುವ ಜಲಜನಕಕ್ಕೆ ಒಂದು ಕಿಡಿ ಸಾಕು. ಸಂಪರ್ಕ ತೆಗೆಯುವಾಗ ಋಣಾಗ್ರವನ್ನು ಮೊದಲು ತೆಗೆಯಬೇಕು, ಜೋಡಿಸುವಾಗ ಅದನ್ನು ಕೊನೆಗೆ ಜೋಡಿಸಬೇಕು. ಹಾಗೆ ಮಾಡಿದರೆ ಧನಾಗ್ರದ ಮೇಲಿನ ಸ್ಪಾನರು ಅಕಸ್ಮಾತ್ ಕಾರಿನ ಮೈಗೆ ತಗುಲಿದರೂ ಕಿಡಿ ಹಾರುವುದಿಲ್ಲ.

ಈಗ ಸ್ಟಿಯರಿಂಗಿನ ವಿಚಾರ. ಕೆಲವು ದೋಷಗಳು ವಿದ್ಯುತ್ತಿಗೂ ಸ್ಟಿಯರಿಂಗಿಗೂ ಸೇರಿದವು. ಸ್ಟಿಯರಿಂಗನ್ನು ಒಂದು ಕಡೆಗೆ ತಿರುಗಿಸಿದಾಗ ಮಾತ್ರ ಹಾರ್ನು ಕೂಗಿದರೆ, ಹಾರ್ನು ಒಳ್ಳೆಯದೇ. ಚಕ್ರದ ಕೆಳಗಿರುವ ಸಂಪರ್ಕದ ಬಳೆ ಸವೆದಿದೆ. ಇತ್ತೀಚಿನ ಕಾರುಗಳಲ್ಲಿ ವಿದ್ಯುತ್ ಮೋಟಾರು ಸ್ಟಿಯರಿಂಗಿಗೆ ನೆರವು ನೀಡುತ್ತದೆ. ಅಲ್ಲಿ ಸ್ಟಿಯರಿಂಗು ಇದ್ದಕ್ಕಿದ್ದಂತೆ ಭಾರವಾದರೆ ಬ್ಯಾಟರಿಯನ್ನೂ ಅರ್ತನ್ನೂ ಮೊದಲು ನೋಡಬೇಕು. ಏರ್‌ಬ್ಯಾಗು ಇರುವ ಸ್ಟಿಯರಿಂಗನ್ನು ಮಾತ್ರ ಮನೆಯಲ್ಲಿ ಬಿಚ್ಚಲೇಬಾರದು. ಕೀಲಿ ತಿರುಗದಿದ್ದರೆ ಬಲ ಪ್ರಯೋಗಿಸುವ ಬದಲು ಸ್ಟಿಯರಿಂಗನ್ನು ಅತ್ತಿತ್ತ ಸ್ವಲ್ಪ ಅಲುಗಿಸಿ ತಿರುಗಿಸಿರಿ. ಕಳ್ಳರಿಂದ ಕಾಯುವ ಬೀಗವು ಬಿಗಿದುಕೊಂಡಿರಬಹುದು.

ಉಳಿದ ದೋಷಗಳಿಗೆ ಅವುಗಳದೇ ಲಕ್ಷಣಗಳಿವೆ. ಕಾರು ಒಂದು ಪಕ್ಕಕ್ಕೆ ಎಳೆದರೆ ಮೊದಲು ಎರಡೂ ಮುಂದಿನ ಟೈರುಗಳ ಗಾಳಿಯನ್ನು ಅಳೆಯಿರಿ. ಗಾಳಿ ಸರಿಯಿದ್ದರೆ ಅಲೈನ್‌ಮೆಂಟ್ ಅಥವಾ ಹಿಡಿದುಕೊಂಡ ಬ್ರೇಕು ಕಾರಣವಿರಬಹುದು. ಗಂಟೆಗೆ 70-80 ಕಿಲೋಮೀಟರಿನ ವೇಗದಲ್ಲಿ ಮಾತ್ರ ಕೈ ನಡುಗಿದರೆ ಚಕ್ರಗಳ ತೂಕದ ಸಮತೋಲ ತಪ್ಪಿದೆ. ಮುರಕಲ್ಲಿನ ರಸ್ತೆಯ ಹೊಂಡಗಳಲ್ಲಿ ‘ಕಟಕಟ’ ಶಬ್ದ ಬಂದರೆ ಟೈ-ರಾಡಿನ ತುದಿಯೋ, ಬಾಲ್ ಜಾಯಿಂಟೋ, ಬುಷ್ಷೋ ಸವೆದಿರಬಹುದು. ಮುಂದಿನ ಚಕ್ರಗಳನ್ನು ನೇರವಾಗಿರಿಸಿ, ಸ್ಟಿಯರಿಂಗನ್ನು ಎರಡು ಬೆರಳಿನಿಂದ ಮೆಲ್ಲನೆ ಎಡಕ್ಕೂ ಬಲಕ್ಕೂ ತಿರುಗಿಸಿ, ತಡೆ ಸಿಗುವವರೆಗಿನ ಸಡಿಲವನ್ನು ಅಳತೆಪಟ್ಟಿಯಿಂದ ಅಳೆಯಿರಿ. ಸಣ್ಣ ಕಾರಿನಲ್ಲಿ ಅದು 30 ಮಿಲಿಮೀಟರನ್ನು ಮೀರಿದ್ದರೆ ತಡಮಾಡದೆ ವರ್ಕ್‌ಶಾಪಿಗೆ ತೋರಿಸಬೇಕು.

ವಿದ್ಯುತ್ತಿನ ದೋಷವಿದ್ದರೆ ಸಾಮಾನ್ಯವಾಗಿ ಕಾರು ನಿಲ್ಲುತ್ತದೆ; ಸ್ಟಿಯರಿಂಗಿನ ದೋಷವಿದ್ದರೆ ಕಾರು ನಿಲ್ಲದೆ ಓಡುತ್ತದೆ, ಅದೇ ಭಯ. ಬಾಲ್ ಜಾಯಿಂಟು ಕಳಚಿದರೆ ಚಕ್ರವು ಚಾಲಕನ ಕೈಗೆ ಒಳಪಡುವುದಿಲ್ಲ. ಆದುದರಿಂದ ಬೋಲ್ಟು ಉಜ್ಜುವ ಕೆಲಸವನ್ನು ಮನೆಯಲ್ಲಿ ಮಾಡಬಹುದು. ಸ್ಟಿಯರಿಂಗಿನಲ್ಲಿಯಾದರೋ ಲಕ್ಷಣವನ್ನು ಗಮನಿಸಿ ಬರೆದುಕೊಂಡು ಬಲ್ಲ ಮೆಕ್ಯಾನಿಕನಿಗೆ ತಿಳಿಸುವುದಷ್ಟೇ ನಮ್ಮ ಕರ್ತವ್ಯ. ಅವನು ಸರಿಯೆನ್ನುವ ತನಕ ಆ ಕಾರಿನಲ್ಲಿ ಮಕ್ಕಳನ್ನು ಶಾಲೆಗೆ ಕರೆತರುವುದು ಬೇಡವೆಂದು ತಂದೆತಾಯಿಗಳಲ್ಲಿ ನಮ್ಮ ಪ್ರಾರ್ಥನೆ. ಸ್ವಂತ ಬಳಕೆಯ ಕಾರಿನ ನೋಂದಣಿಯು 15 ವರ್ಷಗಳಿಗೆ ಮುಗಿಯುವುದೆಂದೂ ಆಮೇಲೆ ಪರೀಕ್ಷೆಗೊಪ್ಪಿಸಿ ನವೀಕರಿಸಬೇಕೆಂದೂ ಕಾನೂನಿದೆ. ಆದರೆ ಆ ಪರೀಕ್ಷೆಯ ದಿನದವರೆಗೆ ದೋಷವು ಕಾಯುವುದಿಲ್ಲ.

ವಿದ್ಯಾರ್ಥಿಗಳೇ, ಇಷ್ಟರಿಂದ ಗ್ರಹಿಸಬೇಕಾದ ಕ್ರಮ ಹೀಗಿದೆ: ಲಕ್ಷಣವನ್ನು ಸರಿಯಾಗಿ ನೋಡಿರಿ, ಕಾರಣವನ್ನು ಊಹಿಸಿರಿ, ಊಹೆಯನ್ನು ಅಳತೆಯಿಂದ ಪರೀಕ್ಷಿಸಿರಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿರಿ. ಎರಡನ್ನು ಒಟ್ಟಿಗೆ ಬದಲಾಯಿಸಿದವನಿಗೆ ಕಾರು ಸರಿಯಾದರೂ ಕಾರಣ ತಿಳಿಯುವುದಿಲ್ಲ. ಮುಂದಿನ ರಜೆಯಲ್ಲಿ ಹಿರಿಯರ ಜೊತೆಯಲ್ಲಿ ಮನೆಯ ಕಾರಿನ ಬ್ಯಾಟರಿಯ ವೋಲ್ಟನ್ನೂ ಸ್ಟಿಯರಿಂಗಿನ ಸಡಿಲವನ್ನೂ ಅಳೆದು ಒಂದು ಪುಸ್ತಕದಲ್ಲಿ ಬರೆದಿಡಿರಿ.